ಖಂಡೇಪೂಜೆಯ ಹೂವು

ನನ್ನ ಹೆಂಡತಿ ಜಗದೇವಿ ಮದುವೆಯ ದಿನ ಮುಡಿದ ಹೂವೇ ಕೊನೆಯದು. ಆಮೇಲೆ ಮೂವತ್ತು ವರ್ಷ ಅವಳ ಹೆರಳು ಒಂದು ಮೊಳ ಮಲ್ಲಿಗೆಯನ್ನೂ ಕಾಣಲಿಲ್ಲ. ಓಣಿಯ ಹೆಂಗಸರು ಮೊದಮೊದಲು ಅವಳ ತಲೆ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಗಂಡ ಬದುಕಿದ್ದಾನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ. ನಾನು ಗಟ್ಟಿಮುಟ್ಟಾಗಿಯೇ ಇದ್ದೆ. ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಸಂಜೆಗೆ ಹೆಂಡತಿಯ ಜೊತೆ ಚಹಾ ಕುಡಿಯುತ್ತಿದ್ದೆ.

ಹೂವಿಲ್ಲದಿದ್ದದ್ದು ಅವಳ ಕೆಲಸದ ದೆಸೆಯಿಂದ. ಜಗದೇವಿ ಕಲ್ಲಿನೊಳಗಿನ ಪರಾಗ ಓದುವವಳು. ಹೂವಿನ ಪುಡಿಗೆ ದೇವರು ಒಂದು ವಿಚಿತ್ರ ಕವಚ ಕೊಟ್ಟಿದ್ದಾನೆ. ಹೂ ಬಾಡುತ್ತದೆ, ಮರ ಸಾಯುತ್ತದೆ, ಕಾಡೇ ಮಣ್ಣಾಗುತ್ತದೆ. ಕೆಸರಿನಲ್ಲಿ ಬಿದ್ದ ಪರಾಗ ಮಾತ್ರ ಹಾಗೇ ಉಳಿಯುತ್ತದೆ. ಕೆಸರು ಕಲ್ಲಾದರೂ ಅದು ಕಲ್ಲಿನೊಳಗೆ ಕೂತಿರುತ್ತದೆ. ಕಲ್ಲನ್ನು ಆಮ್ಲದಲ್ಲಿ ಕರಗಿಸಿದರೆ ಕಲ್ಲು ಹೋಗುತ್ತದೆ, ಪರಾಗ ಉಳಿಯುತ್ತದೆ. ತಳದ ಪದರದಲ್ಲಿ ಬರೀ ಜರಿಗಿಡಗಳ ಬೀಜಕಣ, ಹೂವೆಂಬುದೇ ಇಲ್ಲ. ಮೇಲಿನದರಲ್ಲಿ ಮೊದಲ ಹೂಗಳು, ಆಮೇಲೆ ತಾಳೆಯ ಜಾತಿ, ಬಹಳ ಮೇಲೆ ಹುಲ್ಲು. ಒಂದೊಂದು ಕುಲ ಭೂಮಿಗೆ ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಗೊತ್ತಿದ್ದರೆ, ಯಾವ ಕಲ್ಲು ಯಾವ ಕಾಲದ್ದು ಎಂದು ಹೇಳಬಹುದು. ಇಂಥ ಕೆಲಸ ಮಾಡುವವಳು ತಲೆಯಲ್ಲಿ ಹೂ ಇಟ್ಟುಕೊಂಡು ಲ್ಯಾಬಿಗೆ ಹೋದರೆ, ಮುಡಿಯಿಂದ ಉದುರಿದ ಪುಡಿ ಕೋಟಿ ವರ್ಷದ ಕಲ್ಲಿನೊಳಗೆ ಸೇರಿ ಎಲ್ಲವೂ ಕೆಟ್ಟೀತು. ಆದ್ದರಿಂದ ಆ ಬಾಗಿಲೊಳಗೆ ಹೂವಿಗೆ ಪ್ರವೇಶವಿರಲಿಲ್ಲ. ದೇವರ ಪಟಕ್ಕೂ ಬರೀ ಕುಂಕುಮ.

ಇದನ್ನು ಎಲ್ಲರಿಗೂ ತಿಳಿಹೇಳಬಹುದು, ನನ್ನ ಅಕ್ಕ ಅಂಬವ್ವನಿಗೆ ಮಾತ್ರ ಸಾಧ್ಯವಿರಲಿಲ್ಲ. ಅಕ್ಕ ನಮ್ಮೂರು ಕರಿಹಾಳದಲ್ಲಿ ಚೆಂಡು ಹೂ ಬೆಳೆಯುತ್ತಿದ್ದಳು. ಅಪ್ಪ ಅವ್ವ ಬೇಗ ಹೋದ ಮೇಲೆ ನನ್ನನ್ನು ಓದಿಸಿದ್ದು ಆ ಹೂವು. ತಾನು ಮದುವೆ ಆಗಲಿಲ್ಲ. ನನ್ನ ಮದುವೆ ಮಾಡಿದಳು. ಬಂದ ಸೊಸೆ ಹೂವನ್ನೇ ಒಲ್ಲೆ ಎಂದಾಗ ಅವಳಿಗೆ ಸಿಟ್ಟು ಬಂದದ್ದು ಸಹಜ.

"ಹೂವಾ ಕಂಡ್ರ ನಿನ್ನ ಹೆಂಡ್ತಿ ಹಾವು ಕಂಡಂಗ ಮಾಡ್ತಾಳಲ್ಲೋ ತಮ್ಮಾ. ಗುಡ್ಡಾ ಅಗದು ಇಲಿ ಹಿಡ್ಯೋದು ಕೇಳಿದ್ದೆ. ಈಕಿ ಗುಡ್ಡಾ ಅಗದು ಹೂವಿನ ಪುಡಿ ಹಿಡೀತಾಳ. ಆ ಪುಡಿ ನನ್ನ ಹೊಲದಾಗ ಪುಗಸಟ್ಟೆ ಸಿಗ್ತದ!"

ಜಗದೇವಿ ನಗುತ್ತಿದ್ದಳು. ಅಕ್ಕ ಬೈಯುತ್ತಲೇ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ವರ್ಷ ಕಳೆದಂತೆ ಬೈಗುಳ ಹೆಮ್ಮೆಯಾಯಿತು. ಊರವರೆದುರು ಅಕ್ಕನೇ ಹೇಳಿಕೊಳ್ಳುವಳು: "ನಮ್ಮ ಜಗದೇವಿ ಕೆಲಸಕ್ಕಂತ ಹೂವಾ ಬಿಟ್ಟಾಳ. ಹಂಥಾ ಹೆಣ್ಣಮಗಳ ಮಾತು ಸುಳ್ಳಾಗಂಗಿಲ್ಲ." ಹೂವಿನ ಸಂಗಡ ನಾರೂ ಸ್ವರ್ಗ ಕಂಡಿತು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಹೂವಿಲ್ಲದವಳ ಸಂಗಡ ನನಗೂ ಕರಿಹಾಳದಲ್ಲಿ ಮರ್ಯಾದೆ ಸಿಕ್ಕಿತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಆಕಾಶ ಕಾದು ಕಾದು, ಕಡೆಗೆ ದೊಡ್ಡ ಊರುಗಳ ಸುತ್ತ ಗೋಪುರ ಕಟ್ಟಿ, ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರುವ ಕೆಲಸ ಶುರುವಾಗಿತ್ತು. ಹೀರಿದ್ದನ್ನು ಇಡುವುದೆಲ್ಲಿ? ನಮ್ಮ ಕಡೆಯ ಕರಿಕಲ್ಲಿನ ಕೆಳಗೆ. ಹಿಂದೊಂದು ಕಾಲಕ್ಕೆ ಇಲ್ಲಿ ನೆಲ ಬಿರಿದು ಲಾವಾ ಹರಿದಿತ್ತು. ಒಂದು ಹರಿವು ಆರಿದ ಮೇಲೆ ಕೆರೆ ನಿಂತು, ಕೆಸರು ಕೂತು, ಗಿಡಗಂಟಿ ಬೆಳೆದು, ಅದರ ಮೇಲೆ ಮತ್ತೊಂದು ಹರಿವು. ಆ ನಡುವಿನ ಕೆಸರು ಈಗ ಬಿಗಿಯಾದ ಜೇಡಿಗಲ್ಲು. ಅದನ್ನೇ ಮುಚ್ಚಳ ಮಾಡಿಕೊಂಡು ಕೆಳಗಿನ ಕಲ್ಲಿನೊಳಗೆ ಆ ಹೀರಿದ ಗಾಳಿಯನ್ನು ತುಂಬುವ ಯೋಜನೆ. ಸರ್ಕಾರ ಅದಕ್ಕೆ ಭಾರಿ ಹೆಸರಿಟ್ಟಿತ್ತು. ಜನ 'ಹೂತಿಟ್ಟ ಹೊಗಿ' ಎಂದು ಕರೆದರು.

ಮುಚ್ಚಳ ಬಿರುಕಿಲ್ಲದ್ದು ಎಂದು ಹೇಗೆ ತಿಳಿಯಬೇಕು? ಅಲ್ಲಿ ಬೇಕಾದದ್ದು ನನ್ನ ಹೆಂಡತಿ. ಆರೂವರೆ ಕೋಟಿ ವರ್ಷದ ಜೇಡಿಯೊಳಗೆ ಆ ಕಾಲದ ಪರಾಗ ಮಾತ್ರ ಇದ್ದರೆ ಮುಚ್ಚಳ ಭದ್ರ. ಈಗಿನ ಕಾಲದ ಪರಾಗ ಒಂದಾದರೂ ಸಿಕ್ಕರೆ, ಮೇಲಿನ ನೀರು ಯಾವುದೋ ಬಿರುಕು ಹಿಡಿದು ಅಲ್ಲಿಗೆ ಇಳಿದಿದೆ ಎಂದರ್ಥ. ನೀರು ಇಳಿಯುವ ದಾರಿಯಲ್ಲಿ ಗಾಳಿ ಮೇಲೇರಬಹುದು. ಆ ಗಾಳಿಗೆ ಬಣ್ಣವಿಲ್ಲ. ನೀರಿನ ಹಾಗೆ ತಗ್ಗು ಹುಡುಕಿ ನಿಲ್ಲುತ್ತದೆ, ನಿಂತಲ್ಲಿ ದೀಪವನ್ನೂ ಉಸಿರನ್ನೂ ಆರಿಸುತ್ತದೆ.

ಪರಾಗ ಓದಲಿಕ್ಕೆ ಒಂದು ಯಂತ್ರ ಬಂದಿತ್ತು. ಕಾಲದರ್ಶಕ ಎಂದು ಹೆಸರು. ಜಗದೇವಿ ತಿಂಗಳುಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಮಾಡುತ್ತಿದ್ದುದನ್ನು ಅದು ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತಿತ್ತು. ತಪ್ಪಿದಾಗ ಅವಳು ತಿದ್ದಿದರೆ ಸಾಕು, ಮತ್ತೆ ಆ ತಪ್ಪು ಮಾಡುತ್ತಿರಲಿಲ್ಲ. ನನ್ನ ಹತ್ತನೇ ಇಯತ್ತೆಯ ಮಕ್ಕಳನ್ನು ಬಲ್ಲ ನನಗೆ ಆ ಯಂತ್ರದ ಮೇಲೆ ಅಸೂಯೆಯಾಗುತ್ತಿತ್ತು. ಅದರ ಪಡಿಯಚ್ಚುಗಳು ಬೇರೆ ಬೇರೆ ರಾಜ್ಯಗಳಿಗೂ ಹೋಗಿದ್ದವು, ಇವಳು ಇಲ್ಲಿ ಕಲಿಸಿದ್ದನ್ನು ಅವೂ ಅಲ್ಲಿ ಆಗಿಂದಾಗ ಕಲಿಯುತ್ತಿದ್ದವು.

ಕರಿಹಾಳದ ಕೋರು ಬಂದದ್ದು ದಸರೆಯ ರಜೆಯಲ್ಲಿ. ಕೋರು ಎಂದರೆ ಡ್ರಿಲ್ಲಿಂಗ್ ಯಂತ್ರ ಭೂಮಿಯಿಂದ ಕೊರೆದು ತೆಗೆಯುವ ಕಲ್ಲಿನ ತುಂಡು. ಕಬ್ಬಿನ ಗಳದ ಹಾಗೆ ಉದ್ದಕ್ಕೆ ಇರುತ್ತದೆ. ನನಗೆ ಶಾಲೆ ಇರಲಿಲ್ಲ. ಬುತ್ತಿ ಕೊಡುವ ನೆಪ ಮಾಡಿಕೊಂಡು ಲ್ಯಾಬಿಗೆ ಹೋಗಿ ಗಾಜಿನ ಗೋಡೆಯ ಈಚೆ ಕೂತಿದ್ದೆ. ಸಹಾಯಕಿ ರೇಣುಕಾ ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತಿದ್ದಳು. ದಿನಕ್ಕೆ ಹತ್ತು ಸಲ ಒರೆಸುವುದು ಅಲ್ಲಿಯ ಪದ್ಧತಿ.

ಕಾಲದರ್ಶಕದ ಪರದೆಯ ಮೇಲೆ ಹಸಿರು ಅಕ್ಷರ ಬಂದವು. ತಾಳೆಯ ಕುಲದ್ದು, ಜರಿಗಿಡದ್ದು, ಈಗ ಭೂಮಿಯ ಮೇಲೆ ವಂಶವೇ ಉಳಿಯದ ಯಾವ್ಯಾವುದೋ ಗಿಡಗಳದ್ದು. ಪದರ ಸರಿಯಾದ ಕಾಲದ್ದೇ. ನಡುವೆ ಅಲ್ಲಲ್ಲಿ ಹಳದಿ, ಅಂದರೆ ಆ ಕಾಲಕ್ಕೆ ಸೇರದ್ದು. ಮೈತುಂಬ ಮುಳ್ಳಿರುವ ದುಂಡನೆಯ ಕಣ.

"ಚೆಂಡು ಹೂವಾ," ಎಂದಳು ಜಗದೇವಿ. ಮುಖ ಗಂಟಾಗಿತ್ತು.

ಚೆಂಡು ಹೂ ನಮ್ಮ ನಾಡಿಗೆ ಹಡಗು ಹತ್ತಿ ಬಂದು ಕೆಲವು ನೂರು ವರ್ಷವಾಗಿರಬೇಕು, ಅಷ್ಟೆ. ಅದಕ್ಕೂ ಆ ಜೇಡಿಗೂ ಯಾವ ಸಂಬಂಧವೂ ಇರಕೂಡದು.

ಸಂಸ್ಥೆಯ ನಿರ್ದೇಶಕ ದೇಸಾಯಿ ಬಂದರು. ಕೆಟ್ಟ ಮನುಷ್ಯರಲ್ಲ. ಮೇಲಿನವರು ಉದ್ಘಾಟನೆಯ ದಿನ ಗೊತ್ತುಮಾಡಿಬಿಟ್ಟಿದ್ದರು, ಅದರ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದರು. ಪರದೆ ನೋಡಿದವರೇ ನಕ್ಕುಬಿಟ್ಟರು.

"ಏನ್ರೀ ಜಗದೇವಿಯವರ, ಇಷ್ಟಕ್ಕ ಗಾಬರಿ ಆಗ್ತೀರಿ? ಮೊನ್ನೆ ಏನಿತ್ತು? ಖಂಡೇಪೂಜಿ! ಆ ಡ್ರಿಲ್ಲಿಂಗ್ ಮಂದಿ ಯಂತ್ರಕ್ಕ ಬುಟ್ಟಿಗಟ್ಟಲೆ ಹೂವಾ ಏರಿಸ್ಯಾರ. ಅದೇ ಕೈಲೆ ಕೋರ್ ತಗದಾರ."

ಜಗದೇವಿಯ ಮುಖದ ಗಂಟು ಬಿಚ್ಚಿತು. ಬಿಚ್ಚಿದ್ದು ಸಮಾಧಾನಕ್ಕಲ್ಲ, ಸಿಟ್ಟಿಗೆ. ನಮ್ಮ ಕಡೆ ಖಂಡೇಪೂಜೆ ಎನ್ನುವ ಆಯುಧಪೂಜೆ ಅವಳ ಹಳೆಯ ವೈರಿ. ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ದಸರೆಗೂ ಡ್ರಿಲ್ಲಿಂಗ್ ಮೇಸ್ತ್ರಿಗಳಿಗೆ ಕೈಮುಗಿದು ಹೇಳುತ್ತಿದ್ದಳು: ಅರಿಶಿಣ ಹಚ್ಚಿರಿ, ಕಾಯಿ ಒಡೆಯಿರಿ, ಹೂವೊಂದು ಬೇಡ. ಅವರು ಹೂಂ ಅನ್ನುತ್ತಿದ್ದರು. ಹಬ್ಬದ ದಿನ ಯಂತ್ರ ಕಾಣದಷ್ಟು ಚೆಂಡು ಹೂ ಏರಿಸುತ್ತಿದ್ದರು. ಹೂವಿಲ್ಲದ ಪೂಜೆ ಮಾಡಲು ಅವರಿಗೆ ಮನಸ್ಸಾದರೂ ಹೇಗೆ ಬರಬೇಕು? ಎಷ್ಟೋ ಕೋರುಗಳು ಹೀಗೆ ಕೆಟ್ಟಿದ್ದವು.

"ಆದ್ರೂ ಕೋರಿನ ಹೊಟ್ಟಿ ಒಡದು ನೋಡ್ತೀನ್ರಿ ಸರ್," ಎಂದಳು. "ಹೊರಗಿನ ಮೈಗೆ ಹತ್ತಿದ್ದು ಒಳಗ ಇರಂಗಿಲ್ಲ."

"ಅದಕ್ಕ ಎಷ್ಟು ದಿನಾ ಬೇಕು? ಆಮ್ಲದಾಗ ನೆನೀಬೇಕು, ತೊಳೀಬೇಕು, ಮತ್ತ ನೆನೀಬೇಕು. ದಿನಾ ಎಲ್ಲಿ ಅದಾವ್ರೀ? ಹೊರಗ ಹತ್ತಿದ್ದು ಅಂತ ನಿಮಗೂ ಗೊತ್ತದ, ನನಗೂ ಗೊತ್ತದ."

"ಮೇಸ್ತ್ರಿಗಿ ಒಂದು ಮಾತು ಕೇಳಲೇನ್ರಿ?"

"ಖಂಡೇಪೂಜಿಗಿ ಹೂವಾ ಏರಿಸೀರೇನು ಅಂತ ಕೇಳ್ತೀರಾ? ನಗ್ತಾನ."

ರೇಣುಕಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಗಾಜಿನ ಈಚೆ ಕೂತ ನಾನೂ ನಕ್ಕೆ. ಕಡೆಗೆ ಜಗದೇವಿಯೂ ನಕ್ಕಳು. ಹಳದಿ ಕಣಗಳ ಎದುರಿಗೆ 'ಪೂಜೆಯ ಹೂವು, ಹೊರಗಿನಿಂದ ಬಂದದ್ದು' ಎಂದು ಒತ್ತಿ, ಮುಚ್ಚಳ ಭದ್ರವೆಂದು ಸಹಿ ಮಾಡಿದಳು. ಯಂತ್ರ ಹಳದಿಯನ್ನು ಅಳಿಸಿತು. ನಾವು ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು.

ಮುಂದಿನ ಮಳೆಗಾಲಕ್ಕೆ ಕರಿಹಾಳದ ಕೆಳಗೆ ಗಾಳಿ ತುಂಬುವುದು ಶುರುವಾಯಿತು. ಊರ ಹೊರಗೆ ದಪ್ಪ ಕೊಳವೆಗಳು, ತಂತಿಬೇಲಿ, ಸದಾ ಗುಂಯ್ ಅನ್ನುವ ಯಂತ್ರ. ಮನೆಗೊಂದು ಎಚ್ಚರಿಕೆಯ ಡಬ್ಬಿ ಕೊಟ್ಟರು. ಹೊಗೆ ಸೋರಿದರೆ ಅದು ಕೂಗಬೇಕು. ಅದು ಒಲೆ ಹಚ್ಚಿದರೂ ಕೂಗಿತು, ಮನೆತುಂಬ ಬೀಗರು ಬಂದು ಕೂತರೂ ಕೂಗಿತು. ಜನ ಬೇಸತ್ತು ಅದರ ಬ್ಯಾಟರಿ ಕಿತ್ತು ಮಕ್ಕಳ ಆಟದ ಸಾಮಾನಿಗೆ ಹಾಕಿದರು.

ಹಾಗೆಂದು ಅವರ ಅಂಜಿಕೆ ಹೋಗಲಿಲ್ಲ. ಹಳ್ಳದ ಪಕ್ಕದ ತಗ್ಗಿನ ಓಣಿಯವರು ತಮ್ಮದೇ ಉಪಾಯ ಕಂಡುಕೊಂಡರು. ಹಾಳು ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುವುದು ಅವರ ಹಿರಿಯರ ರೂಢಿ. ಅದನ್ನೇ ಮನೆಯೊಳಗೆ ತಂದರು. ಗೂಡಿನ ದೀಪ ನೆಲಕ್ಕೆ ಇಳಿಯಿತು. ಅದು ಆರಿದರೆ ಗುಡ್ಡದ ಕಡೆ ಓಡಬೇಕು. ಮಲಗುವುದು ಎತ್ತರದ ಹೊರಸಿನ ಮೇಲೆ. ಕೋಳಿಗಳು ಮಾಳಿಗೆ ಏರಿದವು. ಕೂಸುಗಳ ತೊಟ್ಟಿಲನ್ನು ತೊಲೆಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದರು. ಹೆಣ್ಣು ಕೊಡುವವರು ಮನೆ ನೋಡಲು ಬಂದರೆ ಮೊದಲು ಕೇಳುವ ಪ್ರಶ್ನೆ, ಮನೆ ಮೇಲಿನ ಓಣಿಯದೋ ತಗ್ಗಿನ ಓಣಿಯದೋ ಎಂದು. ಊರುಗಳು ಉಸಿರಾಡಲೆಂದು ಈ ಜನ ಉಸಿರು ಬಿಗಿಹಿಡಿದು ಮಲಗಬೇಕಾಯಿತು.

ಇಡೀ ಓಣಿಯಲ್ಲಿ ದೀಪ ಗೂಡಿನಲ್ಲೇ ಇದ್ದದ್ದು ಅಕ್ಕನ ಮನೆಯಲ್ಲಿ ಮಾತ್ರ.

"ನಾ ಯಾಕ ಅಂಜಲಿ? ನಮ್ಮ ಜಗದೇವಿ ನೋಡಿ ಸಹಿ ಮಾಡ್ಯಾಳ. ಹೂವಾ ಬಿಟ್ಟು ಕಲತ ವಿದ್ಯಾ ಅದು!"

ಎಳ್ಳಮಾವಾಸ್ಯೆಗೆ ನಾವಿಬ್ಬರೂ ಕರಿಹಾಳಕ್ಕೆ ಹೋದೆವು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿ ಊಟಕ್ಕೆ ಕೂಡುತ್ತದೆ. ಅಕ್ಕ ಸಜ್ಜೆರೊಟ್ಟಿ, ಭಜ್ಜಿಪಲ್ಯ, ಕಡುಬು, ಎಳ್ಳುಹೋಳಿಗೆ ಎಲ್ಲ ಕಟ್ಟಿಕೊಂಡಿದ್ದಳು. ಭೂಮಿತಾಯಿಗೆಂದು ಹೊಲದ ತುಂಬ ಎಡೆಯ ಚರಗ ಚೆಲ್ಲಿ, ಬಾವಿಯ ಪಕ್ಕದ ಬನ್ನಿಗಿಡದ ಕೆಳಗೆ ಕೂತೆವು. ಸುತ್ತ ಚೆಂಡು ಹೂ ಹಳದಿಗೆ ತಿರುಗಿತ್ತು. ಕೊಳವೆ ಕಾಯುವ ಕೆಲಸಕ್ಕೆ ಅಲ್ಲೇ ಉಳಿದಿದ್ದ ಡ್ರಿಲ್ಲಿಂಗ್ ಮೇಸ್ತ್ರಿ ಮೌನೇಶನನ್ನೂ ಅಕ್ಕ ಕರೆದಿದ್ದಳು. ಅವನ ದಿನದ ಊಟ ಅಕ್ಕನ ಕೈಯದೇ.

"ಇವನೂ ನನ್ನ ಹಳೇ ಗಿರಾಕಿ," ಎಂದಳು ಅಕ್ಕ ಅವನಿಗೆ ಕಡುಬು ಬಡಿಸುತ್ತ. "ಈ ಸೀಮ್ಯಾಗ ಎಲ್ಲಿದ್ರೂ ಖಂಡೇಪೂಜಿಗಿ ನನ್ನ ಹೂವಾನೇ ಒಯ್ತಿದ್ದ. ಕರಿಹಾಳಕ್ಕೇ ಬಂದು ತೆಗ್ಗು ಕೊರದಾಗ ಮಾತ್ರ ಒಂದು ಹೂವಾ ಮುಟ್ಟಲಿಲ್ಲ. ಕಟ್ಟಿಟ್ಟಿದ್ದ ಮಾಲಿ ಎಲ್ಲಾ ದನಕ್ಕ ಹಾಕ್ದೆ."

ಮೌನೇಶ ತಲೆ ತಗ್ಗಿಸಿದ. "ಹ್ಯಾಂಗ ಒಯ್ಲೆವ್ವಾ? ಮಾನಾಮಿ ಹಬ್ಬದ ಮುಂದ ಅಪ್ಪ ತೀರಿದ್ದ. ಸೂತಕ. ಮೇಸ್ತ್ರಿಗಿ ಸೂತಕ ಅಂದ್ರ ಯಂತ್ರಕ್ಕೂ ಸೂತಕ ಅಂತ ಹುಡುಗರ್ಯಾರೂ ಪೂಜಿ ಮಾಡಲಿಲ್ಲ. ಹೂವಾ ಒತ್ತಟ್ಟಿಗಿರಲಿ, ಒಂದು ಅರಿಶಿಣ ಬೊಟ್ಟು ಸೈತ ಇಡಲಿಲ್ಲ. ಕೆಲಸ ನಿಲ್ಲಸಬ್ಯಾಡ್ರಿ ಅಂತ ಮ್ಯಾಲಿಂದ ಫೋನ್ ಬಂತು, ಹಂಗೇ ಕೊರದ್ವಿ."

ಜಗದೇವಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಅವಳು ಮೌನೇಶನ ಮುಖ ನೋಡಿದಳು. ಆಮೇಲೆ ಹೊಲದ ಹಳದಿಯನ್ನು, ಆಮೇಲೆ ಬಾವಿಯನ್ನು ನೋಡಿದಳು. ನನಗೂ ಗೊತ್ತಾಯಿತು. ಯಂತ್ರಕ್ಕೆ ಹೂವೇ ಏರದಿದ್ದರೆ ಆ ಜೇಡಿಯೊಳಗಿನ ಚೆಂಡು ಹೂ ಎಲ್ಲಿಯದು? ನಾವು ಕೂತ ಹೊಲದ್ದು. ವರ್ಷಗಟ್ಟಲೆ ಬಾವಿಯ ನೀರಿನೊಂದಿಗೆ ಇಳಿದಿಳಿದು ಅದು ಮುಚ್ಚಳದೊಳಗೆ ಹೋಗಿ ಕೂತಿತ್ತು. ಬಿರುಕು ನಮ್ಮ ಕಾಲ ಕೆಳಗೇ ಇತ್ತು.

"ಅಕ್ಕಾ, ಈಗಿಂದೀಗ ನಮ್ಮ ಸಂಗಟ ಕಲಬುರಗಿಗಿ ನಡೀರಿ," ಎಂದಳು ಜಗದೇವಿ. ರೊಟ್ಟಿ ಕೆಳಗಿಟ್ಟು ಎದ್ದು ನಿಂತಳು. "ನಾ ಮಾಡಿದ ಸಹಿ ತಪ್ಪದ ಅನ್ನಸ್ತದ. ಇಲ್ಲಿ ಇರೋದು ಬ್ಯಾಡ."

ಅಕ್ಕ ಕೈಬಾಯಿ ತೊಳೆದುಕೊಂಡು ನಿಧಾನವಾಗಿ ನಕ್ಕಳು. "ನೀ ತಪ್ಪತೀ? ಪಲ್ಯಾಕ್ಕ ಉಪ್ಪು ಹಾಕಬೇಕಾದ್ರ ಮೂರು ಸಲ ನಾಲಿಗಿಗಿ ಹಚ್ಚಿ ನೋಡ್ತಿ. ಊರ ಮಂದಿ ಅಂಜಿಕಿ ನಿನಗೂ ಹತ್ತಿತೇನವ್ವಾ?"

"ಅಕ್ಕಾ, ಖರೇ ಹೇಳ್ಲಾಕತ್ತೀನಿ."

"ಖರೇನೋ ಸುಳ್ಳೋ ನೋಡ್ಕೊಂಡು ಹೇಳು. ಸಂಕ್ರಾಂತಿಗಿ ಹೂವಾ ಬಿಡಸೋದದ. ಅದು ಮುಗೀಲಿ, ಬರ್ತೀನಿ."

ನಾನೂ ಬೇಡಿಕೊಂಡೆ, ಸಿಟ್ಟಾದೆ. ಅಕ್ಕ ಜಗ್ಗಲಿಲ್ಲ. ಜಗದೇವಿ ತಗ್ಗಿನ ಓಣಿಯ ಮನೆಮನೆಗೆ ಹೋಗಿ, ದೀಪ ನೆಲದ ಮೇಲೇ ಇಡಿರಿ, ಆರಿಸಬೇಡಿರಿ ಎಂದು ಹೇಳಿ ಬಂದಳು. ಆರಿಸುತ್ತೇವೆಂದು ಯಾರು ಹೇಳಿದ್ದರು? ಅವರು ಅವಳ ಸಹಿಯನ್ನು ಮೊದಲಿನಿಂದಲೂ ನಂಬಿರಲಿಲ್ಲ.

ಜಗದೇವಿ ದೇಸಾಯಿಯವರಿಗೆ ಫೋನು ಮಾಡಿ ಎಲ್ಲ ಹೇಳಿದಳು. "ಮೇಸ್ತ್ರಿ ಮಾತಿನ ಮ್ಯಾಲೆ ಇಷ್ಟು ದೊಡ್ಡ ಯಂತ್ರ ನಿಲ್ಲಸಂಗಿಲ್ರೀ. ಕೋರಿನ ಹೊಟ್ಟಿ ಒಡೀರಿ. ಕಲ್ಲು ಹೇಳ್ಲಿ, ನಿಲ್ಲಸ್ತೀನಿ," ಎಂದರು.

ಕಲ್ಲು ಹೇಳಬೇಕಾದರೆ ಕರಗಬೇಕು. ಜಗದೇವಿ ಕೋರಿನ ಶೆಡ್ಡಿನಿಂದ ಉಳಿದ ತುಂಡು ತಂದು, ಮೈಯನ್ನೆಲ್ಲ ಕೆತ್ತಿ ತೆಗೆದು, ನಡುವಿನ ತಿರುಳನ್ನಷ್ಟೇ ಆಮ್ಲಕ್ಕೆ ಹಾಕಿದಳು. ಬೇಗ ಆಗಲೆಂದು ಎಷ್ಟೇ ಹಾತೊರೆದರೂ ಕಲ್ಲು ತನ್ನ ವೇಳೆ ತಗೊಂಡಿತು. ಅಷ್ಟು ದಿನ ಅವಳು ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ದಿನಾ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡುವಳು. ಅಕ್ಕ ಎತ್ತಿ "ಇನ್ನೂ ಜೀವಂತ ಅದೀನವ್ವಾ" ಎಂದು ನಗುವಳು. ಆ ನಗು ಕೇಳಿದ ಮೇಲೆ ಇವಳು ಲ್ಯಾಬಿಗೆ ಹೊರಡುವಳು.

ಕಡೆಗೊಂದು ದಿನ ತಿರುಳು ಕರಗಿ ಗಾಜಿನ ಮೇಲೆ ಬಂತು. ಅದನ್ನು ಅವಳು ಯಂತ್ರಕ್ಕೆ ಕೊಡಲಿಲ್ಲ. ಕಣ್ಣಾರೆ ನೋಡಬೇಕೆಂದು ಮೂಲೆಯಲ್ಲಿದ್ದ ತನ್ನ ಹಳೆಯ ಸೂಕ್ಷ್ಮದರ್ಶಕದ ಧೂಳು ಒರೆಸಿದಳು. ನೋಡಿ, ನನ್ನನ್ನೂ ಒಳಗೆ ಕರೆದು ತೋರಿಸಿದಳು. ಆರೂವರೆ ಕೋಟಿ ವರ್ಷದ ತಾಳೆಯ ಪರಾಗದ ಪಕ್ಕದಲ್ಲಿ, ಮೈತುಂಬ ಮುಳ್ಳಿನ ಒಂದು ದುಂಡನೆಯ ಕಣ. ನನ್ನನ್ನು ಓದಿಸಿದ ಹೂವು. ಅದು ಹೋಗಬಾರದ ಜಾಗಕ್ಕೆ ಹೋಗಿ, ಬಿರುಕಿದೆ ಎಂದು ವರ್ಷದ ಹಿಂದೆಯೇ ಹೇಳಿತ್ತು. ನಾವು ನಕ್ಕಿದ್ದೆವು.

ದೇಸಾಯಿ ಬಂದು ನೋಡಿದರು. ಅಲ್ಲಿಂದಲೇ ಕೊಳವೆ ನಿಲ್ಲಿಸಲು ಹೇಳಿದರು. ಗುಂಯ್ ಅನ್ನುವ ಸದ್ದು ಅಂದೇ ಸಂಜೆ ನಿಂತಿತಂತೆ. ಆದರೆ ತುಂಬಿದ್ದು ಕೆಳಗೆ ಇತ್ತಲ್ಲ. ಅದನ್ನು ವಾಪಸು ಬಾ ಎಂದು ಕರೆಯಲಾಗುವುದಿಲ್ಲ.

ಮರುದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಗಾಳಿ ಒಂದು ಚೂರೂ ಇರಲಿಲ್ಲ. ಅಕ್ಕನನ್ನು ಎತ್ತಿಕೊಂಡಾದರೂ ಬರುವುದೆಂದು ನಾವು ಕಾರು ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಜಗದೇವಿ ಫೋನು ಮಾಡುತ್ತಲೇ ಇದ್ದಳು. ರಿಂಗಾಗುತ್ತಿತ್ತು, ಅಕ್ಕ ಎತ್ತಲಿಲ್ಲ. "ಹೂವಾ ಬಿಡಸ್ಲಾಕ ಹೋಗಿರಬೇಕು, ಫೋನ್ ಮನ್ಯಾಗ ಬಿಟ್ಟಿರ್ತಾಳ," ಎಂದೆ. ನನಗೆ ನನ್ನ ಮಾತಿನಲ್ಲಿ ನಂಬಿಕೆ ಇರಲಿಲ್ಲ.

ತಗ್ಗಿನ ಓಣಿಯವರೆಲ್ಲ ಗುಡ್ಡದ ಮೇಲೆ ಕೂತಿದ್ದರು. ಕೌದಿ ಹೊದ್ದು, ಕೂಸುಗಳನ್ನು ಎತ್ತಿಕೊಂಡು, ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು. ಬೆಳಗಾಗುವ ಹೊತ್ತಿಗೆ ಒಂದು ಮನೆಯ ದೀಪ ಆರಿತ್ತು, ನೋಡಿ ಕೂಗಿದ್ದರು, ಎಲ್ಲರೂ ಓಡಿದ್ದರು. ಓಣಿಯವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಓಡುತ್ತ ಅಕ್ಕನ ಬಾಗಿಲನ್ನೂ ಬಡಿದಿದ್ದರು, ಕೀಲಿ ಹಾಕಿತ್ತು. ಎಲ್ಲರಿಗಿಂತ ಮುಂಚೆ ಎದ್ದು ಅವಳು ಹೊಲಕ್ಕೆ ಹೋಗಿದ್ದಳು.

ಬಿಸಿಲು ಏರಿ ಗಾಳಿ ಬೀಸುವ ತನಕ ನಮ್ಮನ್ನು ಕೆಳಗೆ ಬಿಡಲಿಲ್ಲ. ಮೌನೇಶನೇ ನನ್ನ ರಟ್ಟೆ ಹಿಡಿದುಕೊಂಡಿದ್ದ. ಅಕ್ಕ ಬಾವಿಯ ಹತ್ತಿರ, ಹೂಗಿಡಗಳ ನಡುವೆ ಮಗ್ಗುಲಾಗಿ ಮಲಗಿದ್ದಳು. ಬುಟ್ಟಿ ತುಂಬಿತ್ತು. ಮುಖದ ಮೇಲೆ ನೋವಿನ ಗುರುತಿರಲಿಲ್ಲ. ನಾನು ಅಲ್ಲೇ ಕೂತು ಕೂಸಿನಂತೆ ಅತ್ತೆ. ಜಗದೇವಿ ಅಳಲಿಲ್ಲ. ಅಕ್ಕನ ಸೆರಗಿಗೆ ಹತ್ತಿದ ಹಳದಿ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು.

ನಂಬದವರೆಲ್ಲ ಉಳಿದರು. ನಂಬಿದವಳು ಒಬ್ಬಳೇ, ಅವಳು ಹೋದಳು.

ವಿಚಾರಣೆಗೆ ಸಮಿತಿ ಬಂತು. ಅದರ ಮುಖ್ಯಸ್ಥೆ ಒಬ್ಬ ನಿವೃತ್ತ ನ್ಯಾಯಾಧೀಶೆ, ಕಡಿಮೆ ಮಾತಿನವರು. ಹಿಂದಿನ ದಿನ ದೇಸಾಯಿ ನಮ್ಮ ಮನೆಗೆ ಬಂದು, ಕೊಟ್ಟ ಚಹಾ ಮುಟ್ಟದೆ ಕೂತರು. ಕಡೆಗೆ, ತಿರುಳಿಗೂ ಲ್ಯಾಬಿನಲ್ಲೇ ಏನಾದರೂ ಸೋಕಿರಬಹುದು ಅಂತ ಹೇಳಬಹುದಲ್ಲ, ಬೇರೆ ಕಡೆಯ ಮುಚ್ಚಳಗಳ ಕೆಲಸ ಆದರೂ ಉಳಿಯುತ್ತದೆ ಎಂದರು. ಹೇಳುವಾಗ ಅವರಿಗೇ ನಾಚಿಕೆಯಾಗುತ್ತಿತ್ತು. ಜಗದೇವಿ, "ನಾಳೆ ಬರ್ರಿ ಸರ್, ನಿಮಗೂ ಒಂದು ತೋರಿಸೋದದ," ಎಂದಳು. ಅಂದು ಹಗಲೆಲ್ಲ ಅವಳು ಒಬ್ಬಳೇ ಲ್ಯಾಬಿನಲ್ಲಿ ಕೂತು ಇನ್ನೂ ಏನನ್ನೋ ಪರೀಕ್ಷೆ ಮಾಡಿದ್ದಳು. ಏನೆಂದು ನನಗೆ ಹೇಳಿರಲಿಲ್ಲ.

ಬೆಳಿಗ್ಗೆ ಅವಳು ತಲೆ ಬಾಚಿಕೊಂಡು, ಅಕ್ಕನ ಬುಟ್ಟಿಯನ್ನು ಕೆಳಗಿಳಿಸಿದಳು. ಹೊಲದಿಂದ ಅದನ್ನು ನಾನು ಮನೆಗೆ ತಂದು ಗೂಟಕ್ಕೆ ಹಾಕಿದ್ದೆ. ಹೂಗಳು ಒಣಗಿ ಕಂದಿದ್ದವು. ಅವನ್ನು ದಾರಕ್ಕೆ ಪೋಣಿಸಿ ನನ್ನ ಕೈಗೆ ಕೊಟ್ಟಳು.

"ಮುಡಸ್ರಿ," ಎಂದಳು.

ಮೂವತ್ತು ವರ್ಷದಲ್ಲಿ ಹೆಂಡತಿಗೆ ಹೂ ಮುಡಿಸಿದ್ದು ಅದೇ ಮೊದಲು. ಪಿನ್ನು ಎಲ್ಲಿ ಸಿಕ್ಕಿಸಬೇಕೆಂದು ನನಗೆ ತಿಳಿಯಲಿಲ್ಲ. ಎರಡು ಸಲ ಚುಚ್ಚಿದೆ. ಅವಳು ಹಾ ಎನ್ನಲಿಲ್ಲ.

ಲ್ಯಾಬಿನ ಬಾಗಿಲಲ್ಲಿ ರೇಣುಕಾ ಎರಡೂ ಕೈ ಅಡ್ಡ ಚಾಚಿದಳು. "ಮೇಡಂ, ಹೂವಾ!"

"ಗೊತ್ತದ. ಬಿಡು," ಎಂದು ಜಗದೇವಿ ಒಳಗೆ ಹೋದಳು. ಸಮಿತಿಯವರು, ದೇಸಾಯಿ, ಸತ್ತವಳ ತಮ್ಮನೆಂದು ನಾನು, ಎಲ್ಲರೂ ಹಿಂದೆ ಹೋದೆವು.

ಅವಳು ಬೇರೆ ಊರಿನ ಒಂದು ಮುಚ್ಚಳದ ಜೇಡಿಯ ಗಾಜು ತೆಗೆದಳು. ಬಿರುಕಿಲ್ಲದ್ದು, ಶುದ್ಧವಾದದ್ದು ಎಂದು ಮೊದಲು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಆಮೇಲೆ ಮುಡಿಯಿಂದ ಒಂದು ಹೂ ತೆಗೆದು ಅದರ ಮೇಲೆ ಕೊಡವಿದಳು. ಬರಿಗಣ್ಣಿಗೇ ಕಾಣುವಷ್ಟು ಹಳದಿ ಪುಡಿ ಬಿತ್ತು. ಅದರ ಮೇಲೆ ತೆಳು ಗಾಜು ಮುಚ್ಚಿ ಕಾಲದರ್ಶಕದೊಳಗೆ ಇಟ್ಟಳು.

ಯಂತ್ರ ಓದಿತು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವು, ಹಳದಿ ಒಂದೂ ಇಲ್ಲ. ಪದರ ಹಳೆಯದು. ಮುಚ್ಚಳ ಭದ್ರ. ತಳದಲ್ಲಿ, ಕನ್ನಡಕ ಸರಿಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಪೂಜೆಯ ಹೂವು, ಲೆಕ್ಕಕ್ಕಿಲ್ಲ.

ನ್ಯಾಯಾಧೀಶೆ ಆ ಸಾಲನ್ನು ಎರಡು ಸಲ ಓದಿದರು. "ಇದಕ್ಕೆ ಹೀಗೆಂದು ಕಲಿಸಿದವರು ಯಾರು?"

"ನಾನ್ರಿ," ಎಂದಳು ಜಗದೇವಿ. "ಕರಿಹಾಳದ ಕೋರ್ ಬಂದ ದಿನ ಕಲಿಸೀನಿ. ಒಂದು ಸಲ ಹೇಳಿದ್ದು ಇದು ಮರೆಯಂಗಿಲ್ಲ. ಆವಾಗಿಂದ ಚೆಂಡು ಹೂವಾ ಇದರ ಕಣ್ಣಿಗೆ ಕಾಣಂಗಿಲ್ಲ."

"ಇಂಥ ಯಂತ್ರ ಎಲ್ಲೆಲ್ಲಿ ಇವೆ? ಆಮೇಲೆ ಎಷ್ಟು ಮುಚ್ಚಳಗಳನ್ನು ಇವು ಭದ್ರ ಅಂದಿವೆ?"

ದೇಸಾಯಿ ಬೆರಳು ಮಡಚುತ್ತ ರಾಜ್ಯಗಳ ಹೆಸರು ಹೇಳತೊಡಗಿದರು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಹೋದರು. ಆಮೇಲೆ ಅಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟರು. ಯಾವ ಊರಲ್ಲಿ ಚೆಂಡು ಹೂ ಬೆಳೆಯುವುದಿಲ್ಲ? ಅಲ್ಲಿಯ ತಗ್ಗಿನ ಓಣಿಗಳಲ್ಲಿ ದೀಪ ನೆಲದ ಮೇಲಿದೆಯೋ ಗೂಡಿನಲ್ಲಿದೆಯೋ ಯಾರಿಗೆ ಗೊತ್ತು?

ಜಗದೇವಿ ಕೈಯಲ್ಲಿದ್ದ ಹೂವನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಂಡಳು. ಒಣಗಿದ್ದು, ಅರ್ಧ ಪುಡಿಯಾಗಿ ಮೇಜಿನ ಮೇಲೆ ಉದುರಿತು. ರೇಣುಕಾ ಅಭ್ಯಾಸಬಲದಿಂದ ಒದ್ದೆ ಬಟ್ಟೆ ತಂದಳು. ತಂದವಳು ಒರೆಸಬೇಕೋ ಬೇಡವೋ ತಿಳಿಯದೆ ಮೇಡಂ ಮುಖ ನೋಡಿದಳು.

"ಒರಸಬ್ಯಾಡ, ಇರಲಿ," ಎಂದಳು ಜಗದೇವಿ. "ನಮ್ಮ ಅಕ್ಕನ ಹೊಲದ್ದು."